ಸಾಬೂನು ಹೊಳೆಗೆ ಇಳಿಯಬಾರದು: ಕರಾವಳಿಯ ಕ್ಯಾಂಪಿಂಗಿನಲ್ಲಿ ಶುಚಿಯಾಗಿರುವ ಕ್ರಮ

ಘಟ್ಟದ ಬುಡದಲ್ಲಿ ಹೊಳೆಬದಿಗೆ ಡೇರೆ ಹಾಕಿದವರಲ್ಲಿ ಹೆಚ್ಚಿನವರು ಬೆಳಿಗ್ಗೆ ಎದ್ದ ಕೂಡಲೇ ಸಾಬೂನು, ಶಾಂಪೂ ಹಿಡಿದು ನೀರಿಗೆ ಇಳಿಯುತ್ತಾರೆ. "ಹರಿಯುವ ನೀರಲ್ವಾ, ಹೋಗ್ತದೆ" ಎಂಬ ಸಮಾಧಾನ ಬೇರೆ. ಹೋಗುವುದೇನೋ ಹೌದು, ಎಲ್ಲಿಗೆ ಎಂಬುದು ಪ್ರಶ್ನೆ. ಬೆಳ್ತಂಗಡಿ, ಸುಳ್ಯ, ಕಾರ್ಕಳ, ಹೆಬ್ರಿ ಕಡೆಯ ಎಷ್ಟೋ ಮನೆಗಳಿಗೆ ಗುಡ್ಡದ ತೋಡಿನಿಂದ (ಸಣ್ಣ ಹಳ್ಳದಿಂದ) ನೇರ ಕಪ್ಪು ಪೈಪ್ ಎಳೆದಿರುತ್ತಾರೆ. ಪಂಪೂ ಇಲ್ಲ, ಫಿಲ್ಟರೂ ಇಲ್ಲ. ಇಳಿಜಾರಿನಲ್ಲಿ ತಾನೇ ಬಂದ ನೀರು ಅಡುಗೆಮನೆಗೂ ಅದೇ, ಅಡಿಕೆ ತೋಟಕ್ಕೂ ಅದೇ. ಮಳೆ ಬಿಟ್ಟು ಡಿಸೆಂಬರ್ ಆಯಿತೆಂದರೆ ಊರವರು ತೋಡಿಗೆ ಅಡ್ಡಲಾಗಿ ಕಟ್ಟ ಹಾಕುತ್ತಾರೆ. ಆಮೇಲೆ ನೀರು ಹರಿಯುವುದು ಕಡಿಮೆ, ನಿಲ್ಲುವುದು ಹೆಚ್ಚು. ಮೇಲೆ ಬಿಟ್ಟ ನೊರೆ ಅಲ್ಲೇ ಸುತ್ತುತ್ತಿರುತ್ತದೆ. ಇನ್ನೂ ಕೆಳಗೆ ಬಂದರೆ ನೇತ್ರಾವತಿ ತುಂಬೆ ಅಣೆಕಟ್ಟಿನಲ್ಲಿ ನಿಂತು ಮಂಗಳೂರಿನ ನಲ್ಲಿಗೆ ಬರುತ್ತದೆ, ಸ್ವರ್ಣೆ ಬಜೆಯಲ್ಲಿ ನಿಂತು ಉಡುಪಿಯ ನಲ್ಲಿಗೆ.

ಆದ್ದರಿಂದ ಇಲ್ಲಿ ಹೇಳುವ ಎಲ್ಲ ಕ್ರಮಗಳ ಹಿಂದೆ ಇರುವುದು ಒಂದೇ ಸೂತ್ರ. ನೀರನ್ನು ಕೊಳೆಯ ಹತ್ತಿರ ತನ್ನಿ, ಕೊಳೆಯನ್ನು ನೀರಿನ ಹತ್ತಿರ ಒಯ್ಯಬೇಡಿ. ಸಾಬೂನನ್ನೂ ಮಲವನ್ನೂ ತಿಂದು ಕರಗಿಸುವ ಸೂಕ್ಷ್ಮಜೀವಿಗಳು ದಂಡಿಯಾಗಿರುವುದು ಮಣ್ಣಿನ ಮೇಲ್ಪದರದಲ್ಲಿ. ಆ ಕೆಲಸ ಮಣ್ಣಿಗೆ ಬಿಡಿ.

ಜಾಗ ಮತ್ತು ಅನುಮತಿ

ಮೊದಲು ಕಾನೂನು. ಕುದುರೆಮುಖ ರಾಷ್ಟ್ರೀಯ ಉದ್ಯಾನದೊಳಗೆ ಚಾರಣಕ್ಕೆ ಅರಣ್ಯ ಇಲಾಖೆಯ ಅನುಮತಿ ಬೇಕು, ರಾತ್ರಿ ಡೇರೆ ಹಾಕಲು ಬಿಡುವುದಿಲ್ಲ. ಸೋಮೇಶ್ವರ, ಮೂಕಾಂಬಿಕಾ ವನ್ಯಜೀವಿ ಧಾಮಗಳಲ್ಲೂ ಮನಸ್ಸು ಬಂದಲ್ಲಿ ತಂಗುವಂತಿಲ್ಲ. ಮಲ್ಪೆ ಎದುರಿನ ಸೇಂಟ್ ಮೇರೀಸ್ ದ್ವೀಪದಲ್ಲಿ ರಾತ್ರಿ ಉಳಿಯುವ ಹಾಗೇ ಇಲ್ಲ. ಹಾಗಾಗಿ ಡೇರೆ ಬೀಳುವುದು ಹೆಚ್ಚಾಗಿ ಹೋಂಸ್ಟೇ ಅಂಗಳದಲ್ಲಿ, ಖಾಸಗಿ ತೋಟದಲ್ಲಿ, ಸೀತಾನದಿಯಂಥ ನೇಚರ್ ಕ್ಯಾಂಪಿನಲ್ಲಿ ಅಥವಾ ಬೀಚಿನ ಹಿಂದಿನ ಜಾಗದಲ್ಲಿ. ಶೌಚಾಲಯ ಇದ್ದರೆ ಅದನ್ನೇ ಬಳಸಿ. ಗುಂಡಿ ತೋಡುವ ಉತ್ಸಾಹ ಅಲ್ಲಿ ಬೇಡ.

ಜಾಗದವರಲ್ಲಿ ಮೂರು ಪ್ರಶ್ನೆ ಕೇಳಿ: ಕುಡಿಯುವ ನೀರು ಎಲ್ಲಿಂದ ಬರುತ್ತದೆ, ಬಾವಿ ಎಲ್ಲಿದೆ, ತೋಡಿನಿಂದ ಪೈಪ್ ಎಳೆದದ್ದು ಉಂಟಾ. ಬಾವಿಗಿಂತ ಅಥವಾ ಪೈಪಿನ ಬಾಯಿಗಿಂತ ಎತ್ತರದ ಬದಿಯಲ್ಲಿ ನಿಮ್ಮ ಸ್ನಾನವೂ ಬೇಡ, ಶೌಚವೂ ಬೇಡ. ನಮ್ಮ ಮುರಕಲ್ಲು ತೂತುತೂತಾದ ಕಲ್ಲು; ಅದರ ಮೇಲೆ ಮಣ್ಣು ತೆಳುವಾಗಿದ್ದರೆ ಸುರಿದ ನೀರು ಸೋಸಿ ಶುದ್ಧವಾಗುವಷ್ಟು ಹೊತ್ತು ನಿಲ್ಲದೆ ಸರಸರನೆ ಇಳಿದು ಬಾವಿ ಸೇರುತ್ತದೆ.

70 ಹೆಜ್ಜೆ

ಹೊಳೆ, ತೋಡು, ಕೆರೆ, ಬಾವಿ, ಒಣಗಿದ ತೋಡಿನ ದಾರಿ, ಇವು ಯಾವುದರಿಂದಲೂ ಕನಿಷ್ಠ 60 ಮೀಟರ್ ದೂರ ಇರಬೇಕು. ದೊಡ್ಡವರ ಹೆಜ್ಜೆಯಲ್ಲಿ ಅದು 70ರಿಂದ 80. ಕಣ್ಣಂದಾಜಿನಲ್ಲಿ ಎಲ್ಲರೂ ಇದನ್ನು ಅರ್ಧಕ್ಕೆ ಇಳಿಸುತ್ತಾರೆ, ಅದಕ್ಕೆ ಎಣಿಸಿಯೇ ನಡೆಯಿರಿ. ಒಣ ತೋಡನ್ನು ಲೆಕ್ಕಕ್ಕೆ ಸೇರಿಸಿದ್ದು ಯಾಕೆಂದರೆ ಮುಂದಿನ ಮಳೆಗೆ ಅಲ್ಲಿದ್ದದ್ದೆಲ್ಲ ಒಂದೇ ಸಲಕ್ಕೆ ತೊಳೆದು ಹೊಳೆಗೆ ಬರುತ್ತದೆ.

ಸಾಮಾನು

ಎರಡು ರಾತ್ರಿಗೆ ಒಬ್ಬರಿಗೆ ಇಷ್ಟು ಸಾಕು: 5 ಲೀಟರಿನ ಒಂದು ಕ್ಯಾನು, ಒಂದು ಚೊಂಬು, ತೆಳುವಾದ ಎರಡು ಬೈರಾಸು (ದಪ್ಪ ಟರ್ಕಿ ಟವೆಲ್ ಘಟ್ಟದಲ್ಲಿ ಒಣಗುವುದೇ ಇಲ್ಲ), ಬಣ್ಣ-ಪರಿಮಳ ಇಲ್ಲದ ಸಾಬೂನಿನ ಅರ್ಧ ತುಂಡು, ಗಿಡಕ್ಕೆ ಮಣ್ಣು ಕೆದಕುವ ಸಣ್ಣ ಕೈಸಲಿಕೆ, ಶೌಚಕ್ಕೇ ಮೀಸಲಾದ ಒಂದು ಲೀಟರಿನ ಬಾಟಲಿ, ತೆಂಗಿನ ನಾರು ಒಂದು ಹಿಡಿ, ಹಳೆಯ ಹತ್ತಿಬಟ್ಟೆ, ಬಿಗಿಯಾಗಿ ಮುಚ್ಚುವ ಒಂದು ಡಬ್ಬಿ. ಡಬ್ಬಿ ಕಸಕ್ಕೆ.

ವೆಟ್ ವೈಪ್ಸ್ ಮನೆಯಲ್ಲೇ ಬಿಡಿ. ನೋಡಲು ಕಾಗದದಂತಿದ್ದರೂ ಹೆಚ್ಚಿನವುಗಳಲ್ಲಿ ಪ್ಲಾಸ್ಟಿಕ್ ನೂಲು ಇರುತ್ತದೆ, ಹೂತರೂ ಕರಗದು. ಒದ್ದೆ ಬೈರಾಸು ಮಾಡದ ಯಾವ ಕೆಲಸವನ್ನೂ ಅದು ಮಾಡುವುದಿಲ್ಲ.

ಕೈ ತೊಳೆಯುವ ನಲ್ಲಿ

ಕ್ಯಾಂಪಿನಲ್ಲಿ ಹೊಟ್ಟೆ ಕೆಡುವುದು ಹೆಚ್ಚಾಗಿ ಕೈಯಿಂದ. ಹಾಗಾಗಿ ಡೇರೆ ಎದ್ದ ಮೇಲೆ ಮೊದಲ ಕೆಲಸ ಇದು.

1. 5 ಲೀಟರಿನ ಹಿಡಿಕೆ ಇರುವ ಕ್ಯಾನು ತೆಗೆದುಕೊಳ್ಳಿ. ಹಿಡಿಕೆಯ ಎದುರು ಬದಿಯಲ್ಲಿ, ಬಾಯಿಗಿಂತ ಸುಮಾರು 10 ಸೆಂ.ಮೀ. ಕೆಳಗೆ, ಕಾಯಿಸಿದ ಮೊಳೆಯಿಂದ 2 ಮಿ.ಮೀ. ತೂತು ಮಾಡಿ. ಇದನ್ನು ಮನೆಯಲ್ಲೇ ಮುಗಿಸಿ.
2. ಎರಡು ಮರದ ನಡುವೆ ಸೊಂಟದೆತ್ತರಕ್ಕೆ ಕೋಲು ಕಟ್ಟಿ, ಕ್ಯಾನಿನ ಹಿಡಿಕೆಯನ್ನು ಅದಕ್ಕೆ ತೂರಿಸಿ.
3. ತೂತಿಗಿಂತ ಎರಡು ಬೆರಳು ಕೆಳಗಿನವರೆಗೆ ನೀರು ತುಂಬಿ, ಮುಚ್ಚಳ ಸಡಿಲವಾಗಿ ಹಾಕಿ.
4. ಕ್ಯಾನಿನ ಕುತ್ತಿಗೆಗೆ ಹಗ್ಗ ಕಟ್ಟಿ, ಇನ್ನೊಂದು ತುದಿಯನ್ನು ನೆಲದ ಮೇಲಿರುವ ಕೋಲಿಗೆ ಕಟ್ಟಿ. ಕೋಲನ್ನು ಕಾಲಿನಿಂದ ಒತ್ತಿದರೆ ಕ್ಯಾನು ಬಾಗಿ ಸಣ್ಣ ಧಾರೆ ಬರುತ್ತದೆ, ಬಿಟ್ಟರೆ ನಿಲ್ಲುತ್ತದೆ.
5. ಸಾಬೂನಿನ ತುಂಡನ್ನು ಈರುಳ್ಳಿ ಬರುವ ಬಲೆಯಲ್ಲಿ ಹಾಕಿ ಪಕ್ಕದಲ್ಲಿ ನೇತುಹಾಕಿ.

ಒಂದು ಸಲಕ್ಕೆ 100 ಮಿ.ಲೀ. ಒಳಗೇ ಕೈ ಶುಚಿಯಾಗುತ್ತದೆ. ಚೊಂಬಿನಲ್ಲಿ ಸುರಿದುಕೊಂಡರೆ ಅದರ ನಾಲ್ಕೈದು ಪಟ್ಟು ಹೋಗುತ್ತದೆ. ಧಾರೆ ನಿಲ್ಲದೆ ಸುರಿಯುತ್ತಿದ್ದರೆ ನೀರು ತೂತಿಗಿಂತ ಮೇಲಕ್ಕಿದೆ ಎಂದರ್ಥ. ಬಾಗಿಸಿದರೂ ನಡುವೆ ತಡೆದು ನಿಂತರೆ ಮುಚ್ಚಳ ಬಿಗಿಯಾಗಿ ಗಾಳಿ ಹೋಗುತ್ತಿಲ್ಲ. ಸ್ಯಾನಿಟೈಸರ್ ಇದಕ್ಕೆ ಬದಲಿಯಲ್ಲ. ಎಣ್ಣೆ, ಮಣ್ಣು, ಮೀನಿನ ಜಿಡ್ಡು ಇರುವ ಕೈ ಮೇಲೆ ಅದು ಸರಿಯಾಗಿ ಕೆಲಸ ಮಾಡದು.

ಮೂರು ಲೀಟರಿನ ಸ್ನಾನ

ಸಾಬೂನು ಇಲ್ಲದೆ ಹೊಳೆಯಲ್ಲಿ ಮುಳುಗು ಹಾಕುವುದರಲ್ಲಿ ತಪ್ಪಿಲ್ಲ, ಆದರೆ ಒಂದು ಷರತ್ತು. ಮೈಗೆ ನುಸಿ ಎಣ್ಣೆ, ಸನ್‌ಸ್ಕ್ರೀನ್ ಹಚ್ಚಿದ್ದರೆ ಮೊದಲು ಒದ್ದೆ ಬಟ್ಟೆಯಿಂದ ದಡದ ಆಚೆ ಒರೆಸಿಕೊಳ್ಳಿ. ಕೀಟವನ್ನು ಓಡಿಸುವ ರಾಸಾಯನಿಕ ನೀರಹುಳ, ಕಪ್ಪೆಮರಿಗಳ ನಡುವೆ ಕರಗಬಾರದು. ಬೇಸಿಗೆಯಲ್ಲಿ ಹೊಳೆ ಹರಿಯದೆ ಬರೀ ಕಯಗಳಲ್ಲಿ ನೀರು ಉಳಿದಿದ್ದರೆ ಇಳಿಯಲೇಬೇಡಿ. ಇಡೀ ಹೊಳೆಯ ಮೀನು ಆಗ ಆ ಗುಂಡಿಗಳಲ್ಲೇ ಜೀವ ಹಿಡಿದುಕೊಂಡಿರುತ್ತದೆ.

ಸಾಬೂನು ಬೇಕೆಂದರೆ ನೀರು ಹೊತ್ತು 70 ಹೆಜ್ಜೆ ಆಚೆ ಹೋಗಿ:

1. ತರಗೆಲೆ ಬಿದ್ದ, ಸಮತಟ್ಟಾದ, ಕಪ್ಪು ಮಣ್ಣಿನ ಜಾಗ ಹುಡುಕಿ. ಪಾಚಿ, ಜರಿಗಿಡದ ಮೇಲೆ ನಿಲ್ಲಬೇಡಿ. ಪಾದೆಕಲ್ಲಿನ ಮೇಲೂ ಬೇಡ, ನೀರು ಇಂಗದೆ ಇಳಿಜಾರಿಗೆ ಓಡುತ್ತದೆ.
2. ಅರ್ಧ ಲೀಟರಿನಲ್ಲಿ ಮೈ ಒದ್ದೆ ಮಾಡಿ. ಚೊಂಬಿನಿಂದ ಸುರಿಯಬೇಡಿ, ಬೈರಾಸು ಅದ್ದಿ ಒರೆಸಿ.
3. ಒದ್ದೆ ಬೈರಾಸಿನ ಒಂದು ಮೂಲೆಗೆ ಸಾಬೂನನ್ನು ಎರಡು ಸಲ ಉಜ್ಜಿ. ಕಂಕುಳು, ತೊಡೆಸಂದು, ಪಾದ, ಇಷ್ಟಕ್ಕೆ ಮಾತ್ರ ಸಾಬೂನು. ಬೆನ್ನು, ಕೈಕಾಲಿನ ಬೆವರು ಬರೀ ನೀರಿಗೆ ಹೋಗುತ್ತದೆ.
4. ಒಂದೂವರೆ ಲೀಟರನ್ನು ಮೇಲಿನಿಂದ ಕೆಳಕ್ಕೆ ನಿಧಾನ ಸುರಿಯಿರಿ. ಉಳಿದ ಒಂದು ಲೀಟರಿನಲ್ಲಿ ಬೈರಾಸು ಹಿಂಡಿ, ಅದೇ ನೀರಿನಿಂದ ಕಾಲು ತೊಳೆಯಿರಿ.
5. ಮಾರನೆ ದಿನ ಜಾಗ ಬದಲಿಸಿ. ಹತ್ತು ಜನ ಒಂದೇ ಕಡೆ ನಿಂತರೆ ಅದು ಕೆಸರಿನ ಬಚ್ಚಲಾಗುತ್ತದೆ.

ಷವರ್ ಬೇಕೆನ್ನುವವರಿಗೆ: ಇನ್ನೊಂದು ಕ್ಯಾನಿನ ಮುಚ್ಚಳಕ್ಕೆ ಕಾದ ಸೂಜಿಯಿಂದ ಐದಾರು ತೂತು, ತಳಕ್ಕೆ ಒಂದು ತೂತು. ನೀರು ತುಂಬಿ ಹನ್ನೊಂದು ಗಂಟೆಯಿಂದ ಎರಡು ಗಂಟೆವರೆಗೆ ಪಾದೆಯ ಮೇಲೆ ಬಿಸಿಲಿಗಿಟ್ಟರೆ ಹದವಾಗಿ ಬೆಚ್ಚಗಾಗುತ್ತದೆ. ತಲೆಕೆಳಗಾಗಿ ನೇತುಹಾಕಿ, ತಳದ ತೂತನ್ನು ಬೆರಳಿನಿಂದ ಮುಚ್ಚಿದರೆ ನೀರು ನಿಲ್ಲುತ್ತದೆ, ತೆಗೆದರೆ ಬರುತ್ತದೆ. ಎರಡು ಕೈಯೂ ಬೇಕಾದಾಗ ಹಿಡಿಸೂಡಿ (ಪೊರಕೆ) ಕಡ್ಡಿಯ ತುಂಡು ಸಿಕ್ಕಿಸಿ. ಕೊಂಬೆಗೆ ಕಟ್ಟುವಾಗ ನೈಲಾನ್ ದಾರ ಬೇಡ, ಸಿಪ್ಪೆ ಕೊಯ್ಯುತ್ತದೆ. ಅಗಲ ಪಟ್ಟಿ ಬಳಸಿ.

ತಲೆಸ್ನಾನವನ್ನು ಮನೆಗೆ ಮುಂದೂಡಿ. ಉದ್ದ ಕೂದಲಾದರೆ ಜಡೆ ಹಾಕಿ ಬಟ್ಟೆ ಸುತ್ತಿ. ಮರೆ ಸಾಲದ ಕಡೆ ಹೆಂಗಸರಿಗೆ ಹಳೆಯ ನೈಟಿ, ಗಂಡಸರಿಗೆ ಪಂಚೆ ಸಾಕು.

ಸೀಗೆಕಾಯಿ ಎಂದರೆ ನಿರಪಾಯವಲ್ಲ

"ನಮ್ಮದು ನ್ಯಾಚುರಲ್, ಹೊಳೆಗೆ ಹೋದರೂ ತೊಂದರೆ ಇಲ್ಲ" ಎಂದು ಸೀಗೆಪುಡಿ, ಅಂಟುವಾಳಕಾಯಿ ಹಿಡಿದು ನೀರಿಗಿಳಿಯುವವರು ಬಹಳ. ಇವೆರಡರಲ್ಲೂ ನೊರೆ ತರುವ ವಸ್ತು ಸಪೋನಿನ್. ಮನುಷ್ಯರ ಚರ್ಮಕ್ಕೆ ಅದು ಸೌಮ್ಯ, ಮೀನಿನ ಕಿವಿರಿಗೆ ವಿಷ. ಕಾರೆಕಾಯಿ ಜಜ್ಜಿ ಗುಂಡಿಗೆ ಹಾಕಿ ಮೀನು ಹಿಡಿಯುತ್ತಿದ್ದ ಹಳೆಯ ಪದ್ಧತಿಯ ಗುಟ್ಟೂ ಇದೇ. ಶಿಶಿಲದ ದೇವಸ್ಥಾನದ ಬಳಿ ಕಪಿಲೆಯಲ್ಲಿ ದೇವರ ಮೀನುಗಳಿಗೆ ಅಕ್ಕಿ ಹಾಕಿ ಕೈಮುಗಿದು, ಎರಡು ಮೈಲು ಮೇಲಕ್ಕೆ ಹೋಗಿ ಅಂಟುವಾಳದ ನೊರೆ ಬಿಡುವುದರಲ್ಲಿ ಏನರ್ಥ?

ಪೇಟೆಯಲ್ಲಿ ಸಿಗುವ 'ಬಯೋಡಿಗ್ರೇಡಬಲ್' ಸಾಬೂನಿಗೂ ಇದೇ ಮಾತು. ಅದು ಕೊಳೆಯುವುದಕ್ಕೆ ಮಣ್ಣೂ ಸಮಯವೂ ಬೇಕು. ಯಾವ ಸಾಬೂನೇ ಆಗಲಿ ನೀರಿನ ಮೇಲ್ಮೈ ಎಳೆತವನ್ನು ಕಡಿಮೆ ಮಾಡುತ್ತದೆ, ಆಗ ನೀರಿನ ಮೇಲೆ ಓಡಾಡುವ ಹುಳಗಳು ಮುಳುಗುತ್ತವೆ.

ಹಲ್ಲುಜ್ಜಲು ಬಟಾಣಿಯಷ್ಟು ಪೇಸ್ಟ್ ಸಾಕು. ಬಾಯಿ ತುಂಬ ನೀರು ತೆಗೆದುಕೊಂಡು, ಒಂದೇ ಕಡೆ ಉಗುಳದೆ ಪೊದೆಯಿಂದ ದೂರ ಫೂ ಎಂದು ಹರಡಿಸಿ.

ಶೌಚ

ಇದರ ಬಗ್ಗೆ ಮಾತಾಡಲು ಎಲ್ಲರಿಗೂ ನಾಚಿಕೆ, ಅದಕ್ಕೇ ಹೆಚ್ಚಿನ ಹಾನಿಯೂ ಇಲ್ಲೇ. ಶೌಚಾಲಯ ಇಲ್ಲದ, ಗುಂಡಿ ತೋಡಲು ಅಡ್ಡಿಯಿಲ್ಲದ ಜಾಗದಲ್ಲಿ ಹೀಗೆ ಮಾಡಿ.

ಬೆಳಕಿರುವಾಗಲೇ ಜಾಗ ನೋಡಿಡಿ, ಕತ್ತಲಲ್ಲಿ 70 ಹೆಜ್ಜೆ ಯಾರೂ ಹೋಗುವುದಿಲ್ಲ. ನೀರಿನಿಂದ, ದಾರಿಯಿಂದ, ಡೇರೆಯಿಂದ ಅಷ್ಟೇ ದೂರ ಇರಲಿ. ನಾಗಬನ, ದೈವದ ಬನದ ಹತ್ತಿರವಂತೂ ಸುಳಿಯಬೇಡಿ. ಮೇಲಿನ ತರಗೆಲೆ ಸರಿಸಿ, ಒಂದು ಗೇಣಿಗೆ ತುಸು ಕಡಿಮೆ ಆಳ, ಅಂದರೆ 15ರಿಂದ 20 ಸೆಂ.ಮೀ., 10ರಿಂದ 15 ಸೆಂ.ಮೀ. ಅಗಲ ತೋಡಿ. ತೆಗೆದ ಮಣ್ಣು ಪಕ್ಕದಲ್ಲೇ ಇರಲಿ.

ಆಳ ಹೆಚ್ಚಾದಷ್ಟು ಒಳ್ಳೆಯದು ಎಂದು ಮೊಣಕೈಯವರೆಗೆ ತೋಡುವವರಿದ್ದಾರೆ. ಅಷ್ಟು ಕೆಳಗೆ ಗಾಳಿ ಕಡಿಮೆ, ಸೂಕ್ಷ್ಮಜೀವಿಯೂ ಕಡಿಮೆ. ಹೂತದ್ದು ಹಾಗೇ ಉಳಿಯುತ್ತದೆ. ನಾಲ್ಕು ಬೆರಳು ಕೆದಕಿ ಮುಚ್ಚಿದರೆ ಕಾಡುಹಂದಿ, ಊರಿನ ನಾಯಿ ರಾತ್ರಿಯೇ ಬಗೆದು ಹಾಕುತ್ತವೆ.

ನೀರಿನಿಂದ ತೊಳೆಯುವ ನಮ್ಮ ಅಭ್ಯಾಸ ಇಲ್ಲಿ ದೊಡ್ಡ ಅನುಕೂಲ, ಟಿಶ್ಯೂ ಕಾಗದದ ರಗಳೆಯೇ ಇಲ್ಲ. ಬಾಟಲಿಯ ಮುಚ್ಚಳಕ್ಕೆ ಮೂರು ತೂತು ಮಾಡಿಟ್ಟು ಹಿಂಡಿದರೆ 300 ಮಿ.ಲೀ. ಸಾಕಾಗುತ್ತದೆ. ಗುಂಡಿಯ ಮೇಲೆಯೇ ತೊಳೆಯಿರಿ. ಮಣ್ಣು ಹಾಕಿ ಕೋಲಿನಿಂದ ಒಮ್ಮೆ ಕಲಸಿ, ಉಳಿದ ಮಣ್ಣು ಮುಚ್ಚಿ, ತರಗೆಲೆ ಹರಡಿ. ಸಲಿಕೆ ಮಲಕ್ಕೆ ತಾಗಬಾರದು, ಕೋಲನ್ನು ಗುಂಡಿಯಲ್ಲೇ ಬಿಡಿ. ಕಲ್ಲು ಮುಚ್ಚಿ ಬರುವುದು ಉಪಾಯವಲ್ಲ, ಅದರಡಿ ಬಿಸಿಲೂ ಗಾಳಿಯೂ ತಾಗದೆ ಕೊಳೆಯುವುದು ನಿಧಾನ. ಟಿಶ್ಯೂ ಬಳಸಿದ್ದರೆ ಅದು ಕಸದ ಡಬ್ಬಿಗೆ. ಡಬ್ಬಿಯ ತಳಕ್ಕೆ ಎರಡು ಚಮಚ ಬಳಸಿದ ಚಹಾಪುಡಿ ಒಣಗಿಸಿ ಹಾಕಿದ್ದರೆ ವಾಸನೆ ಹಿಡಿದಿಡುತ್ತದೆ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಈ ಕ್ರಮ ನಡೆಯದು. ಗುಂಡಿ ತೋಡುತ್ತಿದ್ದಂತೆ ನೀರು ತುಂಬುತ್ತದೆ, ಮುಚ್ಚಿದ್ದು ತೇಲಿ ಬರುತ್ತದೆ. ಮಳೆಗಾಲದಲ್ಲಿ ಶೌಚಾಲಯ ಇಲ್ಲದ ಕಡೆ ತಂಗಬೇಡಿ. ಮುರಕಲ್ಲಿನ ಪಾದೆಯಲ್ಲೂ ಸಲಿಕೆ ಇಳಿಯುವುದಿಲ್ಲ, ಮಣ್ಣಿರುವ ಕಡೆಗೇ ನಡೆಯಬೇಕು.

ಮುಟ್ಟಿನ ದಿನಗಳಲ್ಲಿ ಪ್ಯಾಡನ್ನು ಹೂಳುವುದೂ ಬೇಡ, ಸುಡುವುದೂ ಬೇಡ. ಒಲೆಯ ಬೆಂಕಿಗೆ ಅದು ಪೂರ್ತಿ ಉರಿಯುವುದಿಲ್ಲ, ಪ್ಲಾಸ್ಟಿಕ್ ಪದರ ಕರಗಿ ಹೊಗೆ ಬರುತ್ತದೆ. ಪೇಪರಿನಲ್ಲಿ ಸುತ್ತಿ ಡಬ್ಬಿಯಲ್ಲಿ ವಾಪಸು ತಂದು ಊರಿನ ಕಸದ ಗಾಡಿಗೆ ಬೇರೆಯಾಗಿ ಕೊಡಿ. ಕಪ್ ಬಳಸುವವರು ಕುದಿಸಿ ಆರಿಸಿದ ಅರ್ಧ ಲೀಟರ್ ನೀರು ಪ್ರತ್ಯೇಕ ಇಟ್ಟುಕೊಳ್ಳಿ. ಖಾಲಿ ಮಾಡುವುದು ಶೌಚದ ಗುಂಡಿಗೇ.

ಪಾತ್ರೆ

ಅರ್ಧ ಕೆಲಸ ಅಡುಗೆ ಆರಿಸುವಾಗಲೇ ಮುಗಿಯುತ್ತದೆ. ಗಂಜಿ-ಚಟ್ನಿ ಉಂಡರೆ ಪಾತ್ರೆಗೆ ಜಿಡ್ಡೇ ಇಲ್ಲ. ಬಂಗುಡೆ ಪುಳಿಮುಂಚಿ ಮಾಡಿದರೆ ವಾಸನೆಗೆ ಹಂದಿ, ನರಿ, ನಾಯಿ ಎಲ್ಲ ಬರುತ್ತವೆ. ಊಟಕ್ಕೆ ಹಾಳೆತಟ್ಟೆ ಬಳಸಿದರೆ ತೊಳೆಯುವುದು ಉಳಿಯುತ್ತದೆ, ಆದರೆ ಅದನ್ನೂ ಅಲ್ಲೇ ಎಸೆಯುವಂತಿಲ್ಲ.

ತೆಂಗಿನೆಣ್ಣೆಯ ಒಂದು ಸ್ವಭಾವ ನೆನಪಿರಲಿ: ಸುಮಾರು 24 ಡಿಗ್ರಿಗೆ ಗಟ್ಟಿಯಾಗುತ್ತದೆ. ಮಂಗಳೂರಿನಲ್ಲಿ ಇದು ಅಷ್ಟಾಗಿ ಗೊತ್ತಾಗದು. ಡಿಸೆಂಬರ್ ರಾತ್ರಿ ಘಟ್ಟದ ಬುಡದಲ್ಲಿ, ಉಂಡು ಅರ್ಧ ಗಂಟೆ ಹರಟುವಷ್ಟರಲ್ಲಿ ಬಾಣಲೆಯ ಸುತ್ತ ಬಿಳಿ ಮೇಣ ಹಿಡಿದಿರುತ್ತದೆ, ಆಮೇಲೆ ಎಷ್ಟು ಸಾಬೂನು ಹಾಕಿದರೂ ಜಾರುತ್ತದೆ. ಆದ್ದರಿಂದ ಪಾತ್ರೆ ಬಿಸಿ ಇರುವಾಗಲೇ ತೆಂಗಿನ ನಾರಿನಿಂದ ಒಣಗಲೇ ಒರೆಸಿ. ಆ ನಾರು, ಮುಳ್ಳು, ಅನ್ನದ ಅಗುಳು ಕಸದ ಡಬ್ಬಿಗೆ. ನಂತರ ಒಂದು ಹಿಡಿ ಒಲೆಬೂದಿಗೆ ನಾಲ್ಕು ಚಮಚ ಬಿಸಿನೀರು ಬೆರೆಸಿ ಉಜ್ಜಿ. ಬೂದಿಯ ಕ್ಷಾರ ಉಳಿದ ಎಣ್ಣೆಯ ಜೊತೆ ಸೇರಿ ತಾನೇ ಸಾಬೂನಾಗುತ್ತದೆ. ಅಲ್ಯೂಮಿನಿಯಂ ಪಾತ್ರೆಗೆ ಮಾತ್ರ ಇದು ಬೇಡ, ಕಪ್ಪಾಗುತ್ತದೆ. ಅರ್ಧ ಲೀಟರ್ ಬಿಸಿನೀರಿನಲ್ಲಿ ಜಾಲಿಸಿ, ಆ ನೀರನ್ನು ಹತ್ತಿಬಟ್ಟೆಯಲ್ಲಿ ಸೋಸಿ, 70 ಹೆಜ್ಜೆ ಆಚೆ ಮಣ್ಣಿನ ಮೇಲೆ ಅಗಲಕ್ಕೆ ಎರಚಿ.

ಜನವರಿಯಿಂದ ಮೇ ವರೆಗೆ ಕಾಡಂಚಿನಲ್ಲಿ ಬೆಂಕಿಯ ಭಯ ಇರುವುದರಿಂದ ಸೌದೆ ಒಲೆ ಹಾಕಬೇಡಿ. ಬೂದಿಯನ್ನು ಮನೆಯಿಂದಲೇ ಕಟ್ಟಿಕೊಂಡು ಹೋಗಿ.

ಬಟ್ಟೆ, ಬೆವರು, ಹುಳುಕಡ್ಡಿ

ಕ್ಯಾಂಪಿನಲ್ಲಿ ಬಟ್ಟೆ ಒಗೆಯಬೇಡಿ. ನಮ್ಮ ಹವೆಯಲ್ಲಿ ಒಗೆದದ್ದು ಒಣಗುವುದೂ ಇಲ್ಲ. ನಡೆಯಲು ಒಂದು ಜೊತೆ, ಮಲಗಲು ಒಂದು ಜೊತೆ ಎಂದು ಭಾಗ ಮಾಡಿ. ಮಲಗುವ ಜೊತೆಯನ್ನು ಏನೇ ಆದರೂ ಒದ್ದೆ ಮಾಡಬೇಡಿ. ಒಳಉಡುಪು ಮಾತ್ರ ದಿನಕ್ಕೊಂದು. ಬೆವರಿನ ಅಂಗಿಯನ್ನು ಸಾಬೂನಿಲ್ಲದೆ ಒಂದು ಲೀಟರಿನಲ್ಲಿ ಅದ್ದಿ ಹಿಂಡಿದರೆ ಉಪ್ಪು ಹೋಗುತ್ತದೆ, ತೊಡೆ-ಕಂಕುಳು ಉಜ್ಜಿ ಹುಣ್ಣಾಗುವುದಕ್ಕೆ ಆ ಉಪ್ಪೂ ಒಂದು ಕಾರಣ. ತೊಡೆಸಂದು, ಬೆರಳಸಂದು ಒಣಗಿಸದೆ ಬಟ್ಟೆ ಹಾಕಿದರೆ ಎರಡನೇ ದಿನಕ್ಕೆ ತುರಿಕೆ, ವಾರದಲ್ಲಿ ಹುಳುಕಡ್ಡಿ. ಬೈರಾಸು ಹಂಚಿಕೊಳ್ಳಬೇಡಿ, ಗಂಡ-ಹೆಂಡತಿಯಾದರೂ.

ಉಣ್ಣಿ, ಇಂಬಳ, ಇಲಿಜ್ವರ

ಇಲ್ಲಿ ಶುಚಿ ಎಂದರೆ ಮೈ ಹುಡುಕುವುದೂ ಸೇರಿತು. ಮಂಗನ ಕಾಯಿಲೆ 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಗುರುತಾದದ್ದು. ಅದನ್ನು ಹರಡುವ ಉಣ್ಣಿಯ ಮರಿಗಳ ಕಾಟ ನವೆಂಬರ್‌ನಿಂದ ಮೇ, ನಾವು ಡೇರೆ ಹೊತ್ತು ಹೊರಡುವ ಕಾಲವೂ ಅದೇ. ಸಂಜೆ ಸ್ನಾನಕ್ಕೆ ಮುಂಚೆ ಮಂಡಿಯ ಹಿಂದೆ, ತೊಡೆಸಂದು, ಸೊಂಟದ ಪಟ್ಟಿ, ಕಂಕುಳು, ಕಿವಿಯ ಹಿಂದೆ ನೋಡಿ. ಎಳ್ಳಿಗಿಂತ ಚಿಕ್ಕ ಕಪ್ಪು ಚುಕ್ಕೆಯೂ ಉಣ್ಣಿಯಾಗಿರಬಹುದು. ಚಿಮಟದಿಂದ ಚರ್ಮಕ್ಕೆ ತಾಗಿದಂತೆ ಹಿಡಿದು ನೇರ ಎಳೆದು ತೆಗೆಯಿರಿ. ಸೀಮೆಎಣ್ಣೆ, ಬೆಂಕಿಕಡ್ಡಿ ಪ್ರಯೋಗ ಬೇಡ. ಬೆರಳಲ್ಲಿ ಹಿಚುಕಲೂಬೇಡಿ. ತರಗೆಲೆಯ ಮೇಲೆ ಅಂಗಿ ಕಳಚಿ ಹಾಕಬೇಡಿ, ಮನೆಗೆ ಬಂದ ಮೇಲೆ ಎಲ್ಲ ಬಟ್ಟೆಯನ್ನೂ ಬಿಸಿನೀರಿನಲ್ಲಿ ಒಗೆಯಿರಿ.

ಇಂಬಳ ಕಚ್ಚಿದರೆ ಉಗುರಿನಿಂದ ಬಾಯಿಯ ತುದಿ ಸರಿಸಿದರೆ ಬಿಡುತ್ತದೆ. ರಕ್ತ ತುಸು ಹೊತ್ತು ಹರಿಯುತ್ತದೆ, ಸಾಬೂನು ನೀರಿನಿಂದ ತೊಳೆದು ಬಟ್ಟೆ ಕಟ್ಟಿ. ಕಾಲಿನಲ್ಲಿ ಗಾಯ ಇರುವಾಗ ಗದ್ದೆಯ ನೀರು, ನಿಂತ ನೀರಿಗೆ ಇಳಿಯಬೇಡಿ. ಇಲಿಜ್ವರ ಬರುವ ದಾರಿ ಅದು. ವಾಪಸು ಬಂದು ಎರಡು ವಾರದೊಳಗೆ ಜ್ವರ ಬಂದರೆ ಕಾಡಿಗೆ ಹೋದದ್ದು, ಹೊಳೆಗಿಳಿದದ್ದು ಎರಡನ್ನೂ ಡಾಕ್ಟರಿಗೆ ಹೇಳಿ.

ಕಡಲ ಬದಿಯಾದರೆ ಲೆಕ್ಕ ಬೇರೆ

ಮರವಂತೆ, ಸಸಿಹಿತ್ಲು, ಕಾಪು ಕಡೆ ಮೇಲೆ ಹೇಳಿದ ಗುಂಡಿಯ ಕ್ರಮ ಹಿಡಿಯಬೇಡಿ. ಮರಳಿನಲ್ಲಿ ಕೊಳೆಯಿಸುವ ಜೀವಿಗಳು ಕಡಿಮೆ. ತೀರದ ಮನೆಗಳ ಬಾವಿಯೂ ಆಳವಿಲ್ಲ. ಉಪ್ಪುನೀರಿನ ಮೇಲೆ ತೆಳ್ಳಗೆ ನಿಂತ ಸಿಹಿನೀರೇ ಅವರಿಗೆ ಆಧಾರ. ಮಲ್ಪೆ, ಪಣಂಬೂರು, ಪಡುಬಿದ್ರಿಯಂಥ ಬೀಚುಗಳಲ್ಲಿ ಶೌಚಾಲಯ ಇದೆ, ಬಾಗಿಲು ಎಷ್ಟು ಹೊತ್ತಿಗೆ ಹಾಕುತ್ತಾರೆಂದು ಮೊದಲೇ ಕೇಳಿ. ಇಲ್ಲದ ಕಡೆಗೆ ಮುಚ್ಚಳ ಬಿಗಿಯಾಗಿರುವ 10 ಲೀಟರಿನ ಪೇಂಟ್ ಬಕೆಟ್ ಒಯ್ಯಿರಿ. ತಳಕ್ಕೆ ನಾಲ್ಕು ಬೆರಳು ಮರದ ಹುಡಿ ಅಥವಾ ತೆಂಗಿನ ನಾರಿನ ಹುಡಿ, ಪ್ರತಿ ಸಲ ಮೇಲಿಂದ ಅದೇ ಹುಡಿ ಎರಡು ಚೊಂಬು. ಮೂತ್ರವೂ ತೊಳೆದ ನೀರೂ ಅದಕ್ಕೆ ಬೀಳದಂತೆ ನೋಡಿ; ಹುಡಿ ಒದ್ದೆಯಾದರೆ ನಾರುತ್ತದೆ. ವಾಪಸು ಬಂದು ಬಾವಿಯಿಂದ ದೂರ, ತೆಂಗಿನ ಬುಡದಾಚೆ ಒಂದು ಅಡಿ ಗುಂಡಿಗೆ ಹಾಕಿ ಮುಚ್ಚಿ. ತರಕಾರಿ ಪಾತಿಗೆ ಬೇಡ.

ಉಪ್ಪುನೀರಿನಲ್ಲಿ ಸಾಬೂನು ನೊರೆ ಕೊಡದು, ಮೈಗೆ ಜಿಗುಟಾಗಿ ಅಂಟುತ್ತದೆ. ಬರೀ ಕಡಲಲ್ಲಿ ಮಿಂದು, ಮರಳು ಒಣಗಿದ ಮೇಲೆ ಕೊಡವಿ, ಎರಡು ಲೀಟರ್ ಸಿಹಿನೀರನ್ನು ತಲೆ, ತೊಡೆಸಂದು, ಬೆರಳಸಂದಿಗೆ ಮಾತ್ರ ಬಳಸಿ.

ಕುಂದಾಪುರದ ಕೋಡಿ ಕಡೆ ಕಡಲಾಮೆ ಮೊಟ್ಟೆಯಿಡುವ ತೀರಗಳಿವೆ, ಚಳಿಗಾಲದ ಕೊನೆ ಅದರ ಕಾಲ. ಆ ದಿನಗಳಲ್ಲಿ ಉಬ್ಬರದ ಗೆರೆಯ ಮೇಲಿನ ಒಣಮರಳಿನಲ್ಲಿ ಯಾವ ಗುಂಡಿಯನ್ನೂ ತೋಡಬೇಡಿ, ಡೇರೆಯನ್ನು ಗಾಳಿಮರದ ಸಾಲಿನ ಹಿಂದಕ್ಕೆ ಹಾಕಿ. ರಾತ್ರಿ ಶೌಚಕ್ಕೆಂದು ಎದ್ದರೆ ಬಿಳಿ ಟಾರ್ಚಿನ ಮೇಲೆ ಕೆಂಪು ಗಾಜುಕಾಗದ ಕಟ್ಟಿಕೊಂಡು, ನೆಲಕ್ಕೆ ಮಾತ್ರ ಬೆಳಕು ಬಿಡಿ. ದಡದಲ್ಲಿ ಬೆಳಕು ಕಂಡ ಆಮೆ ಮೊಟ್ಟೆಯಿಡದೆ ಕಡಲಿಗೆ ತಿರುಗುತ್ತದೆ.